ಚರ್ಮದಲ್ಲಿ ಕಾರಣ ಕಾಣದ ತುರಿಕೆ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಎರೆಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಮೈ ತುರಿಸುವುದಕ್ಕೆ ಕಾರಣಗಳು ವರ್ಷದುದ್ದಕ್ಕೂ ಇದ್ದೇ ಇರುತ್ತವೆ. ಹಿಂಗಾರಿಯಲ್ಲಿ ಕಡಲೆಗಿಡ ಕೀಳುವಾಗ ಅದರ ಹುಳಿ ತಾಗಿ ಕೈಯ ಚರ್ಮ ಕೆರಳುತ್ತದೆ. ಬಿಳಿಜೋಳದ ರಾಶಿ ಮಾಡುವಾಗ ಸುಂಕು ಕೊರಳಿಗೂ ಬೆನ್ನಿಗೂ ಅಂಟಿಕೊಂಡು ಸ್ನಾನವಾಗುವ ತನಕ ಬಿಡುವುದಿಲ್ಲ. ಮೆಣಸಿನಕಾಯಿ ಬಿಡಿಸಿದ ಬೆರಳುಗಳು ಇರುಳೆಲ್ಲ ಉರಿಯುತ್ತವೆ. ಇವುಗಳ ಜೊತೆಗೆ ಬೇಸಗೆಯ ಬೆವರುಸಾಲೆ, ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುವ ಕಜ್ಜಿ. ಆದುದರಿಂದ ನಲವತ್ತೈದರ ಆಸುಪಾಸಿನ ಗೃಹಿಣಿಯೊಬ್ಬಳು ದವಾಖಾನೆಗೆ ಬಂದು, “ಮೈಯೆಲ್ಲಾ ಕಡೀತೈತ್ರೀ ಸಾಹೇಬ್ರ, ರಾತ್ರಿ ನಿದ್ದೀನ ಇಲ್ಲ” ಎಂದರೆ, ಆಕೆಗೆ ಒಂದು ಮುಲಾಮೂ ಎಂಟು ದಿನಗಳ ಅಲರ್ಜಿ ಗುಳಿಗೆಯೂ ದೊರೆಯುವುದು ಸ್ವಾಭಾವಿಕವಾಗಿದೆ. ಬಹುಮಂದಿಗೆ ಅಷ್ಟರಿಂದಲೇ ಗುಣವೂ ಕಾಣುತ್ತದೆ. ಪ್ರಕೃತ ಲೇಖನವು ಅಷ್ಟರಿಂದ ಗುಣ ಕಾಣದವರನ್ನು ಕುರಿತದ್ದು.

ಚರ್ಮದ ಮೇಲೆ ಗುಳ್ಳೆಯಿಲ್ಲ, ದದ್ದಿಲ್ಲ, ಕಜ್ಜಿಯ ಗುರುತಿಲ್ಲ. ಮನೆಯಲ್ಲಿ ಉಳಿದ ಯಾರಿಗೂ ತುರಿಕೆಯಿಲ್ಲ. ಹಗಲು ಹೇಗೋ ಕಳೆದು, ದೀಪವಾರಿಸಿ ಹಾಸಿಗೆಗೆ ಒರಗಿದೊಡನೆ ಅಂಗೈ ಅಂಗಾಲುಗಳಿಂದ ತೊಡಗಿ ಮೈತುಂಬ ಹಬ್ಬುವ ತುರಿಕೆ ತಿಂಗಳುಗಟ್ಟಲೆ ಬಿಡದೆ ಕಾಡುತ್ತದೆ. ಅದರ ಜೊತೆಗೆ, ಎಷ್ಟು ಮಲಗಿದರೂ ಪರಿಹಾರವಾಗದ ಒಂದು ದಣಿವು. ಇಂತಹ ಸ್ಥಿತಿಯಲ್ಲಿ ರೋಗದ ಮೂಲವನ್ನು ಚರ್ಮದಲ್ಲಿ ಹುಡುಕುವುದನ್ನು ನಿಲ್ಲಿಸಿ, ಬಲಪಕ್ಕೆಯ ಕೆಳಗೆ ನಿಶ್ಶಬ್ದವಾಗಿ ದುಡಿಯುವ ಯಕೃತ್ತಿನಲ್ಲಿ ಹುಡುಕಬೇಕಾಗುತ್ತದೆ. ದೇಹವನ್ನು ಹೊರಗಿನ ಶತ್ರುಗಳಿಂದ ಕಾಯತಕ್ಕ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ, ಯಕೃತ್ತಿನೊಳಗಿನ ಅತಿಸೂಕ್ಷ್ಮ ಪಿತ್ತನಾಳಗಳನ್ನು ಒಂದೊಂದಾಗಿ ನಾಶಮಾಡುವ ವ್ಯಾಧಿಯೊಂದುಂಟು. ಅದಕ್ಕೆ ಪ್ರೈಮರಿ ಬಿಲಿಯರಿ ಕೋಲಾಂಜೈಟಿಸ್ ಎಂದೂ, ಸಂಕ್ಷೇಪವಾಗಿ ಪಿ.ಬಿ.ಸಿ. ಎಂದೂ ವೈದ್ಯರು ಹೇಳುತ್ತಾರೆ. ಯುರೋಪಿನ ಉತ್ತರ ಭಾಗದಲ್ಲಿಯೂ ಉತ್ತರ ಅಮೆರಿಕದಲ್ಲಿಯೂ ಇದು ಸಾಕಷ್ಟು ಪರಿಚಿತವಾದ ವ್ಯಾಧಿ. ನಮ್ಮ ದೇಶದಲ್ಲಿ ವಿರಳವೆಂದು ಎಣಿಸಲ್ಪಟ್ಟಿದೆ. ಆದರೆ ಹುಡುಕದೆ ಇದ್ದುದರಿಂದಲೂ ಕೆಲವು ವ್ಯಾಧಿಗಳು ವಿರಳವಾಗಿ ತೋರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವ್ಯಾಧಿ ಹತ್ತು ಜನರಿಗೆ ಬಂದರೆ ಅವರಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಪತ್ತೆಯಾಗುವ ವಯಸ್ಸು ಬಹುಮಟ್ಟಿಗೆ ನಲವತ್ತರಿಂದ ಅರುವತ್ತು. ಇದು ಮದ್ಯಪಾನದಿಂದ ಬರತಕ್ಕದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟತಕ್ಕದ್ದೂ ಅಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಇದರ ಹಳೆಯ ಹೆಸರಿನಲ್ಲಿ ಕೋಲಾಂಜೈಟಿಸ್ ಎಂಬುದರ ಸ್ಥಾನದಲ್ಲಿ ಸಿರೋಸಿಸ್ ಎಂಬ ಪದವಿದ್ದು, ಹಳೆಯ ಕಾಗದಗಳಲ್ಲಿ ಅದನ್ನು ಕಂಡ ನೆಂಟರಿಷ್ಟರು, ಜನ್ಮದಲ್ಲಿ ಒಂದು ಹನಿ ಸೆರೆ ಮುಟ್ಟದ ಹೆಣ್ಣುಮಗಳ ವಿಷಯದಲ್ಲಿಯೂ ಇಲ್ಲದ ಸಂದೇಹ ಪಡುವುದುಂಟು. ರೋಗಿಗಳ ಕೋರಿಕೆಯ ಮೇರೆಗೇ ಸುಮಾರು 2015ರಲ್ಲಿ ಆ ಹೆಸರನ್ನು ಬದಲಾಯಿಸಲಾಯಿತು.

ಯಕೃತ್ತು ತಯಾರಿಸುವ ಪಿತ್ತರಸವು ಕೂದಲಿಗಿಂತ ಸೂಕ್ಷ್ಮವಾದ ಅಸಂಖ್ಯ ನಾಳಗಳಲ್ಲಿ ಸಂಗ್ರಹವಾಗಿ, ಕ್ರಮೇಣ ದೊಡ್ಡ ನಾಳಗಳನ್ನು ಸೇರಿ, ಕರುಳಿಗೆ ಹರಿದುಹೋಗುತ್ತದೆ. ಮಲಪ್ರಭೆಯ ಕಾಲುವೆಯನ್ನು ಕಂಡಿರುವ ನರಗುಂದದ ರೈತನಿಗೆ ಇದರ ಸ್ವರೂಪವನ್ನು ಬಹಳ ವಿವರಿಸಬೇಕಾಗಿಲ್ಲ: ದೊಡ್ಡ ಕಾಲುವೆಯ ದಂಡೆ ಗಟ್ಟಿಯಾಗಿಯೇ ಇದ್ದು, ಹೊಲಹೊಲದ ಮಗ್ಗುಲಲ್ಲಿ ಹರಿಯುವ ಕಿರುಗಾಲುವೆಗಳು ಮಾತ್ರ ಒಂದೊಂದಾಗಿ ಹೂಳು ತುಂಬಿ ಮುಚ್ಚಿಹೋದರೆ ಹೇಗೋ ಹಾಗೆ, ಈ ವ್ಯಾಧಿಯಲ್ಲಿ ದೊಡ್ಡ ನಾಳಗಳು ನಿರ್ದೋಷವಾಗಿ ಕಾಣುತ್ತವೆ, ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಿರಿದಾದ ನಾಳಗಳು ನಾಶವಾಗುತ್ತವೆ. ಹೊರಹೋಗಲಾರದ ಪಿತ್ತವು ಯಕೃತ್ತಿನಲ್ಲಿ ತಂಗಿ ಅಲ್ಲಿಯ ಜೀವಕೋಶಗಳನ್ನು ಕೆಡಿಸುತ್ತದೆ; ರಕ್ತಕ್ಕೆ ಮರಳಿದ ಅದರ ಅಂಶಗಳು ತುರಿಕೆಗೆ ಆಸ್ಪದ ಕೊಡುತ್ತವೆ. ಇವೆಲ್ಲ ನಡೆಯುವುದು ದಿನಗಳಲ್ಲಲ್ಲ, ವರ್ಷಗಳಲ್ಲಿ. ಕಣ್ಣು ಹಳದಿಯಾಗುವುದು, ಅಂದರೆ ನಮ್ಮ ಕಡೆಯ ಜನ ಕಾಮಣಿಯೆಂದು ಗುರುತಿಸುವ ಲಕ್ಷಣ, ಈ ವ್ಯಾಧಿಯಲ್ಲಿ ಸಾಮಾನ್ಯವಾಗಿ ಬಹಳ ತಡವಾಗಿ ತಲೆದೋರುತ್ತದೆ. ಕಾಮಣಿ ಕಂಡ ಮೇಲೆ ಯಕೃತ್ತಿನ ವಿಷಯ ಯೋಚಿಸೋಣವೆಂದು ಕುಳಿತವರು ಔಷಧವು ಅತ್ಯಂತ ಚೆನ್ನಾಗಿ ನಾಟುವ ಕಾಲವನ್ನು ಕಳೆದುಕೊಂಡಿರುತ್ತಾರೆ.

ಮನೆಯವರು ಗಮನಿಸಬಹುದಾದ ಗುರುತುಗಳು ಕೆಲವುಂಟು. ನಮ್ಮವರ ಕಂದುಮೈಬಣ್ಣದಲ್ಲಿ ತುರಿಸಿ ತುರಿಸಿ ಚರ್ಮ ಕಪ್ಪಾಗುತ್ತ ಬರುತ್ತದೆ. ಉಗುರು ಸಾಲದೆ ಬಾಚಣಿಗೆಯಿಂದ ಕೆರೆದುಕೊಂಡ ಗೆರೆಗಳು ಮುಂಗೈ, ಮೊಣಕಾಲು, ಸೊಂಟಗಳ ಮೇಲೆ ಕಾಣಿಸುತ್ತವೆ. ಆದರೆ ಬೆನ್ನ ನಡುವೆ, ಎರಡು ರೆಕ್ಕೆಯೆಲುಬುಗಳ ಮಧ್ಯೆ, ಸ್ವಂತ ಕೈ ತಲುಪಲಾರದ ಸ್ಥಳದಲ್ಲಿ, ಚಿಟ್ಟೆಯ ಆಕಾರದ ಒಂದು ತಿಳಿಬಣ್ಣದ ಭಾಗ ಉಳಿದುಕೊಂಡಿರುತ್ತದೆ. ಚರ್ಮದ ಸ್ವಂತ ರೋಗವಾಗಿದ್ದರೆ ಅದು ಕೈ ತಲುಪುವ ಸ್ಥಳವನ್ನಷ್ಟೇ ಆರಿಸಿಕೊಳ್ಳುತ್ತಿರಲಿಲ್ಲ. ಆದುದರಿಂದ ರೋಗಿಯ ಬೆನ್ನನ್ನು ಒಮ್ಮೆ ಹಗಲು ಬೆಳಕಿನಲ್ಲಿ ನೋಡುವುದರಿಂದಲೇ ಅನುಭವಿಯಾದ ವೈದ್ಯನಿಗೆ ಅರ್ಧ ಸುಳಿವು ದೊರೆಯುತ್ತದೆ. ಕಣ್ಣಿನ ರೆಪ್ಪೆಯ ಒಳಮೂಲೆಯಲ್ಲಿ ಕೆನೆಬಣ್ಣದ ಮೆತ್ತನೆಯ ಕೊಬ್ಬಿನ ಮಚ್ಚೆಗಳು, ಕಣ್ಣಲ್ಲಿ ಮರಳು ಬಿದ್ದಂತಹ ಒಣಗು, ನೀರಿಲ್ಲದೆ ರೊಟ್ಟಿ ನುಂಗಲಾಗದಷ್ಟು ಬಾಯೊಣಗು, ಥೈರಾಯ್ಡಿನ ತೊಂದರೆ, ಸಣ್ಣ ಏಟಿಗೇ ಮುರಿಯುವ ಎಲುಬು, ಇವೂ ಈ ವ್ಯಾಧಿಯ ಸಹಚಾರಿಗಳು. ದಣಿವಿನ ವಿಷಯ ಹೇಳುವುದಾದರೆ, ಬೆಳಗಿನ ಜಾವಕ್ಕೇ ಎದ್ದು ನೀರು ತಂದು, ರೊಟ್ಟಿ ಬಡಿದು, ಹೊಲಕ್ಕೋ ಗಜೇಂದ್ರಗಡದ ಕೈಮಗ್ಗದ ಕುಣಿಗೋ ಹೋಗುವ ಹೆಂಗಸು ದಣಿದೆನೆಂದು ಹೇಳಿದರೆ ಅದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ, ಅವಳೂ ಎಣಿಸುವುದಿಲ್ಲ. ವ್ಯಾಧಿಯ ಲಕ್ಷಣಗಳಲ್ಲಿ ಅತ್ಯಂತ ಅಲಕ್ಷಿತವಾದುದು ಇದೇ. ಇನ್ನು ಅನೇಕರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಬೇರೆ ಯಾವುದಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ ವ್ಯಾಧಿ ತಾನಾಗಿ ಬೆಳಕಿಗೆ ಬರುತ್ತದೆ.

ಆ ರಕ್ತಪರೀಕ್ಷೆಯ ಕಾಗದವನ್ನು ಈಗ ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಈ ವ್ಯಾಧಿಯ ನಿದಾನವು ಬಹುಪಾಲು ಅಲ್ಲಿಯೇ ತಪ್ಪುತ್ತದೆ ಅಥವಾ ಅಲ್ಲಿಯೇ ಸಿದ್ಧಿಸುತ್ತದೆ. ಲಿವರ್ ಫಂಕ್ಷನ್ ಟೆಸ್ಟ್ ಎಂಬ ಸಾಮಾನ್ಯ ಪರೀಕ್ಷೆಯನ್ನು ತಾಲೂಕು ಸ್ಥಳದ ಪ್ರಯೋಗಾಲಯದಲ್ಲಿಯೇ ಮಾಡುತ್ತಾರೆ. ಅದರ ಕಾಗದದಲ್ಲಿ ಮೊದಲ ಸಾಲುಗಳು ಬಿಲಿರುಬಿನ್ನಿನವು, ಆಮೇಲೆ ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ.; ಅವುಗಳ ಕೆಳಗೆ ಅಲ್ಕಲೈನ್ ಫಾಸ್ಫಟೇಸ್; ಕೊನೆಗೆ ಪ್ರೋಟೀನು, ಆಲ್ಬುಮಿನ್. ಯಕೃತ್ತಿನ ಪರೀಕ್ಷೆಯೆಂದರೆ ಕಾಮಣಿಯ ಪರೀಕ್ಷೆಯೆಂಬ ಭಾವನೆ ಬೇರೂರಿರುವುದರಿಂದ, ಬಿಲಿರುಬಿನ್ 0.8 ಎಂದಿದ್ದರೆ “ಕಾಮಣಿ ಇಲ್ಲ ಬಿಡ್ರಿ” ಎಂಬ ಸಮಾಧಾನದೊಡನೆ ಕಾಗದ ಮಡಿಚಿ ಚೀಲ ಸೇರುತ್ತದೆ. ಉದಾಹರಣೆಗೆ, ಅದೇ ಕಾಗದದ ನಾಲ್ಕಾರು ಸಾಲು ಕೆಳಗೆ ಅಲ್ಕಲೈನ್ ಫಾಸ್ಫಟೇಸ್ 340 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಅದನ್ನು ಓದುವವರಿರುವುದಿಲ್ಲ. ವಯಸ್ಕರಲ್ಲಿ ಇದರ ಮೇಲ್ಮಿತಿ ಬಹುತೇಕ ಪ್ರಯೋಗಾಲಯಗಳಲ್ಲಿ 120ರ ಆಸುಪಾಸಿನಲ್ಲಿದೆ; ನಿಮ್ಮ ಕಾಗದದಲ್ಲಿ ಬಲಗಡೆಗೆ ಅಚ್ಚಾದ ಮಿತಿಯೇ ನಿಮಗೆ ಪ್ರಮಾಣ. ಪಿತ್ತವು ತಂಗಿದಾಗ ಮೊದಲು ಏರತಕ್ಕದ್ದು ಈ ಸಂಖ್ಯೆಯೇ, ಮತ್ತು ಅದು ಆರು ತಿಂಗಳಾದರೂ ಇಳಿಯದೆ ನಿಂತಿದ್ದರೆ ಅದಕ್ಕೊಂದು ಕಾರಣ ಹೇಳದೆ ವೈದ್ಯನು ರೋಗಿಯನ್ನು ಮನೆಗೆ ಕಳಿಸಬಾರದು.

ಆದರೆ ಈ ಸಂಖ್ಯೆ ಯಕೃತ್ತಿನದೊಂದೇ ಅಲ್ಲ, ಎಲುಬಿನದೂ ಹೌದು. ನಮ್ಮ ಸೀಮೆಯಲ್ಲಿ ಈ ಸಂಗತಿಗೆ ವಿಶೇಷ ಮಹತ್ತ್ವವಿದೆ. ಗದಗ ಜಿಲ್ಲೆಯ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು; ಅದನ್ನು ಬಹುಕಾಲ ಕುಡಿದವರ ಎಲುಬುಗಳು ಪೆಡಸಾಗಿ, ಬೆನ್ನು ಬಾಗದಂತಾಗಿ, ಅಲ್ಕಲೈನ್ ಫಾಸ್ಫಟೇಸ್ ಏರುವುದುಂಟು. ಡಿ ಜೀವಸತ್ತ್ವದ ಕೊರತೆಯಿಂದ ಎಲುಬು ಮೆದುವಾದಾಗಲೂ ಏರುತ್ತದೆ. ಬೆಳೆಯುವ ಹುಡುಗ ಹುಡುಗಿಯರಲ್ಲಿ ಮತ್ತು ಬಸುರಿಯರಲ್ಲಿ ಏರುವುದು ಸಹಜ. ಹೀಗಾಗಿ ಮೈಕೈ ನೋವಿರುವ ಮಧ್ಯವಯಸ್ಸಿನ ಹೆಂಗಸಿನ ಕಾಗದದಲ್ಲಿ ಈ ಸಂಖ್ಯೆ ಹೆಚ್ಚಾಗಿ ಕಂಡರೆ, ಇದು ಎಲುಬಿನದೇ ಇರಬೇಕೆಂದು ಊಹಿಸಿ ಕ್ಯಾಲ್ಸಿಯಂ ಬರೆದುಕೊಟ್ಟು ಮುಗಿಸುವುದು ಅಸಂಭವವೇನಲ್ಲ. ಊಹೆಯ ಅಗತ್ಯವಿಲ್ಲ. ಗಾಮಾ ಜಿ.ಟಿ. ಎಂಬ ಇನ್ನೊಂದು ಪರೀಕ್ಷೆಯುಂಟು. ಹೆಚ್ಚು ಖರ್ಚಿಲ್ಲದ ಆ ಪರೀಕ್ಷೆಯನ್ನು ಅದೇ ರಕ್ತದಲ್ಲಿ ಮಾಡಬಹುದು. ಎಲುಬಿನ ರೋಗದಲ್ಲಿ ಅದು ಏರುವುದಿಲ್ಲ. ಪಿತ್ತನಾಳದ ರೋಗದಲ್ಲಿ ಏರುತ್ತದೆ. ಎರಡೂ ಒಟ್ಟಿಗೆ ಏರಿದ್ದರೆ ಮೂಲ ಯಕೃತ್ತಿನಲ್ಲಿದೆಯೆಂದು ತಿಳಿಯತಕ್ಕದ್ದು. ಫ್ಲೋರೈಡ್ ನೀರಿನ ಸೀಮೆಯಲ್ಲಿ ಗಾಮಾ ಜಿ.ಟಿ. ಇಲ್ಲದೆ ಅಲ್ಕಲೈನ್ ಫಾಸ್ಫಟೇಸಿನ ಅರ್ಥ ಹೇಳಹೊರಡುವುದು ಸರಿಯಲ್ಲವೆಂದು ನಾನು ಖಂಡಿತವಾಗಿ ಹೇಳಬಲ್ಲೆ.

ಮುಂದಿನದು ಹೊಟ್ಟೆಯ ಸ್ಕ್ಯಾನಿಂಗ್. ದೊಡ್ಡ ಪಿತ್ತನಾಳದಲ್ಲಿ ಕಲ್ಲು, ಗಡ್ಡೆ ಮುಂತಾದ ಅಡ್ಡಿಯಿದ್ದರೆ ನಾಳ ಉಬ್ಬಿರುವುದು ಸ್ಕ್ಯಾನಿನಲ್ಲಿ ಗೋಚರಿಸುತ್ತದೆ. ಅಂತಹ ಅಡ್ಡಿಯಿಲ್ಲವೆಂಬುದನ್ನು ಖಚಿತಪಡಿಸುವುದಷ್ಟೇ ಇದರ ಪ್ರಯೋಜನ. ಸೂಕ್ಷ್ಮನಾಳಗಳನ್ನು ತೋರಿಸುವ ಶಕ್ತಿ ಯಾವ ಸ್ಕ್ಯಾನಿಗೂ ಇಲ್ಲ. ಆದುದರಿಂದ “ಸ್ಕ್ಯಾನಿಂಗ್ ನಾರ್ಮಲ್ ಐತಿ” ಎಂಬ ಮಾತಿನಿಂದ ಈ ವ್ಯಾಧಿ ಇಲ್ಲವೆಂದಾಗುವುದಿಲ್ಲ. ಇಲ್ಲಿಯೇ ಇನ್ನೊಂದು ಎಡವುವ ಕಲ್ಲಿದೆ: ಈ ರೋಗಿಗಳಿಗೆ ಪಿತ್ತಕೋಶದಲ್ಲಿ ಹರಳುಗಳಿರುವುದು ಉಳಿದವರಿಗಿಂತ ಹೆಚ್ಚು. ಸ್ಕ್ಯಾನಿನಲ್ಲಿ ಹರಳು ಕಂಡೊಡನೆ ತುರಿಕೆಗೆ ಅದೇ ಕಾರಣವೆಂದು ಪಿತ್ತಕೋಶವನ್ನು ತೆಗೆಸಿಕೊಂಡು, ತಿಂಗಳಾನುಗಟ್ಟಲೆ ಕಳೆದರೂ ತುರಿಕೆ ಹೋಗದೆ, ಸಂಖ್ಯೆ ಇಳಿಯದೆ ಇದ್ದರೆ, ಹುಡುಕಾಟವನ್ನು ಮತ್ತೆ ಮೊದಲಿನಿಂದ ತೊಡಗಬೇಕು. ಪಿತ್ತಕೋಶದಲ್ಲಿ ಸುಮ್ಮನೆ ಕುಳಿತ ಹರಳು ಮೈಯನ್ನು ತುರಿಸುವಂತೆ ಮಾಡಲಾರದು.

ರೋಗಿ ಸೇವಿಸಿದ ಔಷಧಗಳ ವೃತ್ತಾಂತವನ್ನು ವೈದ್ಯರ ಮುಂದೆ ಒಂದನ್ನೂ ಮುಚ್ಚಿಡದೆ ಹೇಳುವುದು ಈ ಹಂತದಲ್ಲಿ ಅತ್ಯವಶ್ಯ. ಅಮಾಕ್ಸಿಸಿಲಿನ್–ಕ್ಲಾವುಲಾನಿಕ್ ಆಮ್ಲದಂತಹ ನಿತ್ಯಪರಿಚಿತ ಔಷಧವೂ ಕೆಲವರಲ್ಲಿ ವಾರಗಟ್ಟಲೆ ಪಿತ್ತವನ್ನು ತಡೆಹಿಡಿದು ತುರಿಕೆ ತರುವುದುಂಟು. ಔಷಧ ನಿಲ್ಲಿಸಿದ ಮೇಲೆ ಅದು ಕ್ರಮೇಣ ಶಮನವಾಗುತ್ತದೆ. ಅಮೃತಬಳ್ಳಿಯ ಕಷಾಯವನ್ನು ಕೊರೊನಾ ಕಾಲದಲ್ಲಿ ಬಹಳ ಜನ ಕುಡಿದರು. ಅದರಿಂದ ಸ್ವಯಂಪ್ರತಿರಕ್ಷಾ ವ್ಯಾಧಿಯನ್ನೇ ಹೋಲುವ ಯಕೃತ್ತಿನ ಊತ ಉಂಟಾದ ರೋಗಿಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿಮಾಡಿದರು. ಹಳ್ಳಿಯ ಔಷಧವೆಂಬ ಸಂಕೋಚದಿಂದ ಇದನ್ನು ಹೇಳದೆ ಬಿಟ್ಟರೆ ನಿದಾನ ದಾರಿ ತಪ್ಪುತ್ತದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಅಂಗೈ ಅಂಗಾಲು ತುರಿಸುವ ಪಿತ್ತಸ್ತಂಭನವೊಂದು ಬೇರೆಯೇ ಇದೆ. ಹೆರಿಗೆಯಾದ ಕೆಲವು ವಾರಗಳಲ್ಲಿ ಅದು ಹೋಗಬೇಕು, ಬಾಣಂತನ ಮುಗಿದರೂ ಹೋಗದಿದ್ದರೆ ರಕ್ತವನ್ನು ಮತ್ತೆ ಪರೀಕ್ಷಿಸಬೇಕು. ಇನ್ನೊಂದು ಮಾತು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಗುಳಿಗೆಯದು. ಯಕೃತ್ತಿನ ಯಾವ ದೂರಿಗೂ ಅದನ್ನು ಕೊಡುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಪಿ.ಬಿ.ಸಿ.ಗೆ ಅದೇ ಮುಖ್ಯ ಔಷಧ. ಆದರೆ ನಿದಾನಕ್ಕೆ ಮುನ್ನವೇ ಕಡಿಮೆ ಪ್ರಮಾಣದಲ್ಲಿ ಅದನ್ನು ನುಂಗಿದ್ದರೆ ಸಂಖ್ಯೆಗಳು ಅರೆಬರೆ ಇಳಿದು, ರೋಗವನ್ನು ಮರೆಮಾಡುತ್ತವೆ. ಗುಳಿಗೆಯ ಖಾಲಿ ಪಟ್ಟಿಯನ್ನು ಎಸೆಯದೆ ಜೊತೆಗೊಯ್ಯಿರಿ.

ಇಷ್ಟಾದ ಮೇಲೆ ಬರುವುದೇ ನಿರ್ಣಾಯಕವಾದ ಪರೀಕ್ಷೆ. ಲಂಡನಿನ ಗೈಸ್ ಆಸ್ಪತ್ರೆಯ ಅಡಿಸನ್ ಮತ್ತು ಗಲ್ ಎಂಬ ವೈದ್ಯರು ಈ ವ್ಯಾಧಿಯನ್ನು 1851ರಷ್ಟು ಹಿಂದೆಯೇ ವರ್ಣಿಸಿದ್ದರಾದರೂ, ಒಂದು ಶತಮಾನಕ್ಕೂ ಮಿಕ್ಕ ಕಾಲ ಅದನ್ನು ರಕ್ತಪರೀಕ್ಷೆಯಿಂದ ಖಚಿತವಾಗಿ ಗುರುತಿಸುವ ದಾರಿಯಿರಲಿಲ್ಲ. 1965ರಲ್ಲಿ ವಾಕರ್, ಡೋನಿಯಾಕ್, ರಾಯ್ಟ್ ಮತ್ತು ಶೀಲಾ ಶೆರ್ಲಾಕ್ ಎಂಬ ಲಂಡನಿನ ಸಂಶೋಧಕರು, ಈ ರೋಗಿಗಳ ರಕ್ತದಲ್ಲಿ ಮೈಟೊಕಾಂಡ್ರಿಯಕ್ಕೆ, ಅಂದರೆ ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಅಂಗಕ್ಕೆ, ವಿರೋಧಿಯಾದ ಪ್ರತಿಕಾಯವೊಂದಿರುವುದನ್ನು ಕಂಡುಹಿಡಿದರು. ಅದೇ ಆಂಟಿ ಮೈಟೊಕಾಂಡ್ರಿಯಲ್ ಆಂಟಿಬಾಡಿ, ಎ.ಎಂ.ಎ. ಇದರ ಪರೀಕ್ಷೆ ನಡೆಯುವ ಬಗೆ ಕುತೂಹಲಕರವಾಗಿದೆ. ಇಲಿಯ ಮೂತ್ರಪಿಂಡ, ಜಠರ, ಯಕೃತ್ತುಗಳ ಅತಿ ತೆಳುವಾದ ಕೊಯ್ತಗಳನ್ನು ಗಾಜಿನ ಪಟ್ಟಿಯ ಮೇಲೆ ಇರಿಸಿ, ರೋಗಿಯ ರಕ್ತದ ತಿಳಿಯನ್ನು ನಲವತ್ತು ಪಟ್ಟು ತೆಳ್ಳಗೆ ಮಾಡಿ ಅದರ ಮೇಲೆ ಹನಿಸುತ್ತಾರೆ. ಪ್ರತಿಕಾಯವಿದ್ದರೆ ಅದು ಅಲ್ಲಿಯ ಮೈಟೊಕಾಂಡ್ರಿಯಗಳಿಗೆ ಅಂಟಿಕೊಳ್ಳುತ್ತದೆ. ಬೆಳಗುವ ಬಣ್ಣ ಹಚ್ಚಿದ ಮತ್ತೊಂದು ದ್ರವವನ್ನು ಹಾಕಿ, ತೊಳೆದು, ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತಲೆಯ ಹಿನ್ನೆಲೆಯಲ್ಲಿ ಮೂತ್ರಪಿಂಡದ ನಳಿಕೆಗಳು ಹಸುರಾಗಿ ಮಿನುಗುವುದು ಕಾಣುತ್ತದೆ. ಈಗ ಇದೇ ಕೆಲಸವನ್ನು ಎಲೈಸಾ ವಿಧಾನದಿಂದಲೂ, ಕಾಗದದ ಪಟ್ಟಿಯ ಮೇಲೆ ಗೆರೆ ಮೂಡಿಸುವ ವಿಧಾನದಿಂದಲೂ ಮಾಡುತ್ತಾರೆ, ವರದಿಯಲ್ಲಿ ಎ.ಎಂ.ಎ.–ಎಂ2 ಎಂದು ಬರೆದಿರುವುದು ಅದನ್ನೇ. ಈ ಪರೀಕ್ಷೆಗೆ ರೋಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಲೇಬೇಕೆಂದಿಲ್ಲ, ರಕ್ತ ಹೋದರೆ ಸಾಕು. ದೊಡ್ಡ ಪ್ರಯೋಗಾಲಯಗಳಿಗೆ ಮಾದರಿ ಕಳಿಸುವ ಸಂಗ್ರಹಕೇಂದ್ರವಿರುವಲ್ಲಿ ಕೊಡಬಹುದು, ಉಪವಾಸವೂ ಬೇಕಾಗಿಲ್ಲ. ಆದರೆ ಚೀಟಿಯಲ್ಲಿ ಎ.ಎಂ.ಎ. ಎಂದೇ ಬರೆದಿದೆಯೇ ಎಂದು ನೋಡಿಕೊಳ್ಳಬೇಕು. ಎ.ಎನ್.ಎ. ಎಂಬ ಇನ್ನೊಂದು ಪರೀಕ್ಷೆ ಹೆಚ್ಚು ಬಳಕೆಯಲ್ಲಿದ್ದು, ಒಂದು ಅಕ್ಷರದ ವ್ಯತ್ಯಾಸದಿಂದ ಒಂದರ ಬದಲು ಇನ್ನೊಂದು ನಡೆದುಹೋಗುವ ಸಂಭವವಿದೆ.

ಪಿ.ಬಿ.ಸಿ. ಇರುವವರಲ್ಲಿ ನೂರಕ್ಕೆ ತೊಂಬತ್ತರಿಂದ ತೊಂಬತ್ತೈದು ಮಂದಿಯ ರಕ್ತದಲ್ಲಿ ಈ ಪ್ರತಿಕಾಯ ದೊರೆಯುತ್ತದೆ. ವೈದ್ಯಶಾಸ್ತ್ರವು ನಿದಾನಕ್ಕೆ ಹಾಕಿರುವ ನಿಯಮ ಸರಳವಾಗಿದೆ: ದೀರ್ಘಕಾಲ ಏರಿ ನಿಂತ ಅಲ್ಕಲೈನ್ ಫಾಸ್ಫಟೇಸ್, ರಕ್ತದಲ್ಲಿ ಈ ವ್ಯಾಧಿಗೆ ವಿಶಿಷ್ಟವಾದ ಪ್ರತಿಕಾಯ, ಯಕೃತ್ತಿನ ತುಣುಕಿನಲ್ಲಿ ಪಿತ್ತನಾಳಗಳು ನಾಶವಾಗುತ್ತಿರುವ ಪ್ರತ್ಯಕ್ಷ ಸಾಕ್ಷ್ಯ, ಈ ಮೂರರಲ್ಲಿ ಯಾವ ಎರಡು ಕೂಡಿದರೂ ನಿದಾನ ಸಿದ್ಧಿಸಿದಂತೆ. ಅಂದರೆ ಮೊದಲಿನ ಎರಡೂ ಇದ್ದವರಿಗೆ ಸೂಜಿ ಹಾಕಿ ತುಣುಕು ತೆಗೆಯುವ ಅವಶ್ಯಕತೆ ಸಾಮಾನ್ಯವಾಗಿ ಇಲ್ಲ. ಬಯಾಪ್ಸಿಯ ಭಯದಿಂದ ಪರೀಕ್ಷೆಗೇ ಬೆನ್ನು ತಿರುಗಿಸುವ ಅನೇಕರಿಗೆ ಈ ಒಂದು ವಿಷಯ ತಿಳಿದಿದ್ದರೆ ಎಷ್ಟೋ ಉಪಕಾರವಾದೀತು.

ಪ್ರತಿಕಾಯವಿದ್ದು ಅಲ್ಕಲೈನ್ ಫಾಸ್ಫಟೇಸ್ ಸರಿಯಾಗಿಯೇ ಇರುವವರೂ ಉಂಟು. ಅವರು ಗಾಬರಿಯಾಗಬೇಕಾದುದಿಲ್ಲ. ಫ್ರಾನ್ಸಿನಲ್ಲಿ ಅಂತಹವರನ್ನು ಅನುಸರಿಸಿ ನೋಡಿದಾಗ ಐದು ವರ್ಷಗಳಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಮಾತ್ರ ವ್ಯಾಧಿ ಪ್ರಕಟವಾಯಿತು. ಆದುದರಿಂದ ಇಂತಹವರು ವರ್ಷಕ್ಕೊಮ್ಮೆ ಯಕೃತ್ತಿನ ರಕ್ತಪರೀಕ್ಷೆ ಮಾಡಿಸುತ್ತಿದ್ದರೆ ಸಾಕು. ಪ್ರತಿಕಾಯದ ಪ್ರಮಾಣ ಹೆಚ್ಚಿದ್ದರೆ ರೋಗ ಉಗ್ರವಾಗಿದೆಯೆಂಬ ಅರ್ಥವೂ ಇಲ್ಲ. ಒಮ್ಮೆ ಇದೆಯೆಂದು ಗೊತ್ತಾದ ಮೇಲೆ ಎ.ಎಂ.ಎ.ಯನ್ನು ಮತ್ತೆ ಮತ್ತೆ ಮಾಡಿಸುವುದು ಹಣದ ಅಪವ್ಯಯ.

ಪ್ರತಿಕಾಯ ಸಿಗದ ಐದು–ಹತ್ತು ಪ್ರತಿಶತ ಜನರಲ್ಲಿ ಎಸ್‌ಪಿ100, ಜಿಪಿ210 ಎಂಬ ಬೇರೆ ಎರಡು ಪ್ರತಿಕಾಯಗಳನ್ನು ಹುಡುಕುತ್ತಾರೆ. ಅವೂ ಇಲ್ಲವೆಂದಾಗ, ಅಥವಾ ಎಸ್.ಜಿ.ಪಿ.ಟಿ. ಮೇಲ್ಮಿತಿಯ ಐದು ಪಟ್ಟನ್ನೂ ದಾಟಿ ಆಟೋಇಮ್ಯೂನ್ ಹೆಪಟೈಟಿಸ್ ಎಂಬ ಸೋದರವ್ಯಾಧಿಯೂ ಜೊತೆಗೂಡಿರುವ ಸಂಶಯ ಬಂದಾಗ, ಬಯಾಪ್ಸಿ ಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಮೊದಲು ಪರೀಕ್ಷಿಸಿ, ಬಲಪಕ್ಕೆಯ ಎಲುಬುಗಳ ನಡುವೆ ಮರಗಟ್ಟಿಸುವ ಮದ್ದು ಚುಚ್ಚಿ, ಸ್ಕ್ಯಾನಿನಲ್ಲಿ ಸ್ಥಳ ನೋಡಿಕೊಂಡು ಸೂಜಿ ಹಾಕುತ್ತಾರೆ. ತುಣುಕು ತೆಗೆಯುವುದು ಕ್ಷಣಗಳ ಕೆಲಸ. ಆಮೇಲೆ ಕೆಲವು ತಾಸು ಅಲುಗಾಡದೆ ಮಲಗಿರಬೇಕು. ರಕ್ತಸ್ರಾವದ ಅಪಾಯ ಅಲ್ಪವಾದರೂ ಇದೆ. ಆದುದರಿಂದ ಅದನ್ನು ನಿತ್ಯ ಮಾಡುವ ಆಸ್ಪತ್ರೆಯಲ್ಲಿಯೇ ಮಾಡಿಸುವುದು ಲೇಸು. ಆ ತುಣುಕಿನಲ್ಲಿ ಪಿತ್ತನಾಳವನ್ನು ಬಿಳಿ ರಕ್ತಕಣಗಳು ಸುತ್ತುಗಟ್ಟಿ ಅದರ ಗೋಡೆಯನ್ನು ಭೇದಿಸುತ್ತಿರುವ ದೃಶ್ಯ ಕಂಡರೆ, ಏರಿ ನಿಂತ ಅಲ್ಕಲೈನ್ ಫಾಸ್ಫಟೇಸಿನೊಡನೆ ಬೇರೆ ಸಾಕ್ಷ್ಯ ಬೇಡ. ಕ್ಷಯವೂ ಯಕೃತ್ತಿನಲ್ಲಿ ಗಂಟುಗಳನ್ನು ಮಾಡಿ ಅಲ್ಕಲೈನ್ ಫಾಸ್ಫಟೇಸನ್ನು ಏರಿಸುವುದರಿಂದ, ನಮ್ಮ ದೇಶದಲ್ಲಿ ಅದನ್ನು ಈ ಹಂತದಲ್ಲಿ ಮರೆಯುವಂತಿಲ್ಲ.

ಪಿ.ಬಿ.ಸಿ.ಯಿಂದ ಬೇರ್ಪಡಿಸಿ ನೋಡಬೇಕಾದ ಪಿತ್ತನಾಳಗಳ ಇನ್ನೊಂದು ವ್ಯಾಧಿಯ ಹೆಸರು ಪ್ರೈಮರಿ ಸ್ಕ್ಲೀರೋಸಿಂಗ್ ಕೋಲಾಂಜೈಟಿಸ್. ಇದು ಗಂಡಸರಲ್ಲಿ ಹೆಚ್ಚು, ಎ.ಎಂ.ಎ. ಇರುವುದಿಲ್ಲ. ದೊಡ್ಡ ನಾಳಗಳು ಅಲ್ಲಲ್ಲಿ ಸಂಕುಚಿತವಾಗಿ ಅಲ್ಲಲ್ಲಿ ಉಬ್ಬಿ ಮಣಿಸರದಂತೆ ಕಾಣುವುದು ಎಂ.ಆರ್.ಸಿ.ಪಿ. ಎಂಬ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ದೊಡ್ಡ ಕರುಳಿನ ಹುಣ್ಣಿನ ವ್ಯಾಧಿ ಇದರೊಡನೆ ಬಹಳ ಸಲ ಇರುವುದರಿಂದ, ರಕ್ತಮಿಶ್ರಿತ ಭೇದಿ ಇರಲಿ ಇಲ್ಲದಿರಲಿ, ಕರುಳನ್ನು ದುರ್ಬೀನಿನಿಂದ ನೋಡಿಸಬೇಕು.

ನಿದಾನವಾದ ಮೇಲೆ ಏನು ಎಂಬುದನ್ನು ಸಂಕ್ಷೇಪವಾಗಿ ಹೇಳದಿದ್ದರೆ ಇಷ್ಟು ಹೇಳಿದ್ದು ನಿರರ್ಥಕವಾಗುತ್ತದೆ. ಅರ್ಸೋಡಿಆಕ್ಸಿಕೋಲಿಕ್ ಆಮ್ಲವನ್ನು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 13ರಿಂದ 15 ಮಿಲಿಗ್ರಾಮಿನಂತೆ, ಜೀವನಪರ್ಯಂತ ಸೇವಿಸಬೇಕು. 60 ಕಿಲೋ ತೂಗುವವಳಿಗೆ 780ರಿಂದ 900 ಮಿಲಿಗ್ರಾಮ್ ಬೇಕು. ರೂಢಿಯಂತೆ 300ರ ಗುಳಿಗೆ ದಿನಕ್ಕೆರಡು ಕೊಟ್ಟರೆ ಅದು ಸಾಲದು. ಆದುದರಿಂದ ವೈದ್ಯರ ಬಳಿ ತೂಕ ನೋಡಿಸಿಕೊಂಡೇ ಪ್ರಮಾಣ ಕೇಳಬೇಕು. ತುರಿಕೆಗೆ ಕೊಲೆಸ್ಟಿರಮೀನ್ ಪುಡಿಯನ್ನು ಕೊಟ್ಟರೆ, ಅದಕ್ಕೂ ಈ ಗುಳಿಗೆಗೂ ನಾಲ್ಕು ತಾಸಿನ ಅಂತರವಿರಬೇಕು, ಇಲ್ಲವಾದರೆ ಪುಡಿ ಗುಳಿಗೆಯನ್ನು ಕರುಳಿನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ವರ್ಷ ತುಂಬಿದ ಮೇಲೆ ಅಲ್ಕಲೈನ್ ಫಾಸ್ಫಟೇಸ್ ಎಷ್ಟು ಇಳಿದಿದೆಯೆಂದು ನೋಡಿ, ಸಾಕಷ್ಟು ಇಳಿಯದಿದ್ದರೆ ಎರಡನೆಯ ಔಷಧವನ್ನು ಸೇರಿಸುತ್ತಾರೆ. ಆರಂಭದಲ್ಲಿಯೇ ಪತ್ತೆಯಾಗಿ ಔಷಧ ಚೆನ್ನಾಗಿ ನಾಟಿದವರ ಆಯುಷ್ಯವು ಸಮವಯಸ್ಕರ ಆಯುಷ್ಯಕ್ಕೆ ಹೆಚ್ಚು ಕಡಿಮೆ ಸಮನಾಗಿರುತ್ತದೆ. ಯಕೃತ್ತು ಎಷ್ಟು ಪೆಡಸಾಗಿದೆಯೆಂಬುದನ್ನು ಫೈಬ್ರೋಸ್ಕ್ಯಾನ್ ನೋವಿಲ್ಲದೆ ಅಳೆಯುತ್ತದೆ. ಥೈರಾಯ್ಡ್ ಮತ್ತು ಎಲುಬಿನ ಸಾಂದ್ರತೆಯ ಪರೀಕ್ಷೆಗಳೂ ಅದರೊಡನೆ ಆಗಲಿ. ರೋಗಿಯ ಅಕ್ಕತಂಗಿಯರೂ ಪ್ರಾಪ್ತವಯಸ್ಕರಾದ ಹೆಣ್ಣುಮಕ್ಕಳೂ ಒಮ್ಮೆ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ. ಈ ವ್ಯಾಧಿ ಒಂದೇ ಮನೆತನದಲ್ಲಿ ಮತ್ತೆ ಕಾಣಿಸಿಕೊಳ್ಳುವ ಸಂಭವ ಉಳಿದವರಿಗಿಂತ ಹೆಚ್ಚು. ಇವೆಲ್ಲ ಆಗಲಿ, ಆದರೆ ಕಾಮಣಿಗೆ ಬರೆ ಹಾಕಿಸುವುದನ್ನು ಮಾತ್ರ ಕೈಮುಗಿದು ಬೇಡವೆನ್ನುತ್ತೇನೆ. ಕಾದ ಕಬ್ಬಿಣವು ಸುಡುವುದು ಚರ್ಮವನ್ನು. ಒಳಗೆ ಮುಚ್ಚಿಹೋದ ನಾಳ ಅದರಿಂದ ತೆರೆಯುವುದಿಲ್ಲ, ಬೆಂದ ಗಾಯ ಕೀವುಗಟ್ಟಿದರೆ ಸೋತ ದೇಹಕ್ಕೆ ಇನ್ನೊಂದು ಸಂಕಟ ಸೇರುತ್ತದೆ.

ದಾರಿ ಯಾವುದು? ರೋಣ ಮತ್ತು ನರಗುಂದದವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿಯೂ, 2018ರ ವರೆಗೆ ರೋಣ ತಾಲೂಕಿಗೇ ಸೇರಿದ್ದ ಗಜೇಂದ್ರಗಡದವರು ತಮ್ಮೂರಿನ ಸರಕಾರಿ ಆಸ್ಪತ್ರೆಯಲ್ಲಿಯೂ ಮೊದಲ ರಕ್ತಪರೀಕ್ಷೆಯನ್ನು ಕೇಳಬಹುದು. ಅಲ್ಲಿಂದ ಮೇಲಿನದಕ್ಕೆ ಗದಗಿನ ಜಿಮ್ಸ್ ಆಸ್ಪತ್ರೆ ಇದೆ. ಅದಕ್ಕೂ ಮುಂದೆ, 1957ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭವಾದ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆ.ಎಂ.ಸಿ.ಆರ್.ಐ.) ಇದೆ. ನರಗುಂದದವರಿಗೆ ನವಲಗುಂದದ ಮೇಲೆ ಹಾಯ್ದು ಹುಬ್ಬಳ್ಳಿಯ ಹೆದ್ದಾರಿ ನೇರವಾಗಿಯೇ ಇದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರಕಾರಿ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆಯು ಯಕೃತ್ತಿನ ವ್ಯಾಧಿಗಳನ್ನೂ ನೋಡುತ್ತದೆ. ಬಹುಮಂದಿಗೆ ಅಲ್ಲಿಯ ತನಕ ಹೋಗುವ ಪ್ರಸಂಗ ಬರುವುದಿಲ್ಲ. ತಾಲೂಕು ಆಸ್ಪತ್ರೆಯ ಶಿಫಾರಸು ಪತ್ರವನ್ನೂ ರೇಷನ್ ಕಾರ್ಡನ್ನೂ ಜೊತೆಗಿಟ್ಟುಕೊಂಡು, ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವುದು ಸಲ್ಲುತ್ತದೆಯೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿಕೊಳ್ಳಿರಿ.

ಊರು ಬಿಟ್ಟು ಹೊರಡುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಯೋ ಟ್ರಂಕಿನ ತಳದಲ್ಲಿಯೋ ಇಟ್ಟಿರುವ ಹಳೆಯ ರಕ್ತಪರೀಕ್ಷೆಯ ಕಾಗದಗಳನ್ನೆಲ್ಲ ತೆಗೆಸಿ, ತಾರೀಖಿನ ಅನುಕ್ರಮವಾಗಿ ಜೋಡಿಸಿ, ಪ್ರತಿಯೊಂದರಲ್ಲಿಯೂ ಅಲ್ಕಲೈನ್ ಫಾಸ್ಫಟೇಸಿನ ಸಾಲಿಗೆ ಪೆನ್ನಿನಿಂದ ಗುರುತು ಮಾಡಿಸಿರಿ. ಅಕ್ಷರ ಬಾರದವರು ಶಾಲೆಗೆ ಹೋಗುವ ಮಗಳಿಂದಲೋ ಮೊಮ್ಮಗನಿಂದಲೋ ಮಾಡಿಸಬಹುದು. ಸಂಖ್ಯೆ ಆರು ತಿಂಗಳಿಂದಲೂ ಮಿತಿಮೀರಿ ನಿಂತಿದ್ದರೆ, ಆ ಕಾಗದಗಳನ್ನು ಮುಂದಿಟ್ಟು ವೈದ್ಯರನ್ನು ಎರಡೇ ಮಾತು ಕೇಳಿರಿ: “ಗಾಮಾ ಜಿ.ಟಿ. ಆಗೇತೇನ್ರೀ? ಎ.ಎಂ.ಎ. ಮಾಡಿಸಬೇಕೇನ್ರೀ?”